ಹಟ್ಟಿಯ ನೊಣ: ಶತ್ರು ಯಾರು, ಮಿತ್ರ ಯಾರು?

(ಮಂಗಳೂರಿನ ಶಕ್ತಿನಗರದಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಮಾಹಿತಿ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಇಂತಹ ಸಭೆಗಳಲ್ಲಿ ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಹಸಿರು ಮೇವು, ಖನಿಜ ಮಿಶ್ರಣ ಇವುಗಳ ಬಗ್ಗೆ ತಾವು ಸಾಕಷ್ಟು ಕೇಳಿದ್ದೀರಿ. ಇಂದು ನಾನು ಆರಿಸಿಕೊಂಡಿರುವ ವಿಷಯ ನೊಣ. ‘ನೊಣದ ಬಗ್ಗೆ ಭಾಷಣ ಮಾಡಲಿಕ್ಕೆ ಏನುಂಟು ಡಾಕ್ಟ್ರೇ, ಓಡಿಸಿದರೆ ಆಯಿತಲ್ಲ?’ ಎಂದು ಯಾರಾದರೂ ಕೇಳಬಹುದು. ಓಡಿಸುವ ಮೊದಲು ಯಾವ ನೊಣವನ್ನು ಓಡಿಸುತ್ತಿದ್ದೇವೆ ಎಂದು ತಿಳಿಯಬೇಕು. ಇಲ್ಲವಾದರೆ ಖರ್ಚು ನಮ್ಮದು, ಲಾಭ ನೊಣದ್ದು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹಟ್ಟಿಯಲ್ಲಿ ಏನಾದರೂ ಹೊಸ ಹುಳು ಕಂಡರೆ ಫೋಟೊ ತೆಗೆದು ‘ಇದು ಯಾವುದು?’ ಎಂದು ಕಳುಹಿಸುತ್ತೀರಿ. ಇದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಹಾಗೆ ಬರುವ ಚಿತ್ರಗಳಲ್ಲಿ ಒಂದು ಬಗೆ ಮತ್ತೆ ಮತ್ತೆ ಬರುತ್ತದೆ. ಉದ್ದನೆಯ ಮೈ, ಮುಖದಲ್ಲಿ ಗಡ್ಡ, ಮುಳ್ಳು ಮುಳ್ಳಾದ ಕಾಲು, ಬೇಲಿಯ ತಂತಿಯ ಮೇಲೆ ಗತ್ತಿನಿಂದ ಕುಳಿತ ಒಂದು ದೊಡ್ಡ ನೊಣ. ಅದರ ಜೊತೆಯಲ್ಲಿ ಪ್ರಶ್ನೆಯೂ ಬರುತ್ತದೆ: ‘ಚರ್ಮಗಂಟು ರೋಗ ತರುವ ನೊಣ ಇದೇ ಅಲ್ಲವೇ? ಯಾವ ಔಷಧಿ ಹೊಡೆಯಬೇಕು?’

ಅದಲ್ಲ ಎಂಬುದೇ ನನ್ನ ಉತ್ತರ. ಆ ನೊಣ ಹಸುವಿನ ರಕ್ತ ಕುಡಿಯುವುದಿಲ್ಲ. ಅದು ಬೇರೆ ಹುಳುಗಳನ್ನು ಹಿಡಿದು ತಿನ್ನುವ ಬೇಟೆಗಾರ. ಇಂಗ್ಲಿಷಿನಲ್ಲಿ ಅದನ್ನು ರಾಬರ್ ಫ್ಲೈ ಎನ್ನುತ್ತಾರೆ. ನಾವು ದರೋಡೆ ನೊಣ ಎನ್ನೋಣ. ಹೆಸರು ಕೆಟ್ಟದಾಗಿದ್ದರೂ ಹಸು ಸಾಕುವವರ ಮಟ್ಟಿಗೆ ಅದು ನಿರಪರಾಧಿ.

ಕೊಲ್ಲುವ ಮೊದಲು ನೊಣದ ಮುಖ ನೋಡಿ. ಇಂದಿನ ನನ್ನ ಮಾತಿನ ಸಾರ ಇಷ್ಟೇ. ಹೇಗೆ ನೋಡಬೇಕು, ಏಕೆ ನೋಡಬೇಕು ಎಂಬುದನ್ನು ಈಗ ವಿವರಿಸುತ್ತೇನೆ.

ಭಯಕ್ಕೆ ಕಾರಣ ಉಂಟು

ನೊಣ ಕಂಡರೆ ನಮ್ಮ ಸದಸ್ಯರು ಹೆದರುವುದಕ್ಕೆ ಕಾರಣವಿದೆ. ಚರ್ಮಗಂಟು ರೋಗವನ್ನು ಮೊದಲು ಗುರುತಿಸಿದ್ದು 1929ರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿ. ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ರಾಜಸ್ಥಾನ, ಗುಜರಾತ್ ಮೊದಲಾದ ರಾಜ್ಯಗಳಲ್ಲಿ ಅಸಂಖ್ಯ ದನಗಳನ್ನು ಕೊಂದಿತು. ಅದೇ ವರ್ಷ ನಮ್ಮ ರಾಜ್ಯವನ್ನೂ ಬಾಧಿಸಿತು. ಮೈತುಂಬ ಗಂಟು, ಜ್ವರ, ಕಾಲು ಬಾವು, ಹಾಲು ಬತ್ತುವುದು ಇವನ್ನೆಲ್ಲ ಕಣ್ಣಾರೆ ಕಂಡವರು ಆ ದಿನಗಳನ್ನು ಮರೆಯುವ ಹಾಗಿಲ್ಲ.

ಇದು ಸಿಡುಬಿನ ಗುಂಪಿಗೆ ಸೇರಿದ ವೈರಸ್ಸಿನಿಂದ ಬರುವ ರೋಗ. ಮನುಷ್ಯರಿಗೆ ತಗಲುವುದಿಲ್ಲ. ರಕ್ತ ಹೀರುವ ನೊಣ, ಸೊಳ್ಳೆ, ಉಣುಗು ಇವು ಒಂದು ದನದಿಂದ ಇನ್ನೊಂದು ದನಕ್ಕೆ ವೈರಸ್ಸನ್ನು ದಾಟಿಸುತ್ತವೆ. ರೋಗ ಬಂದ ದನವನ್ನು ಕಚ್ಚಿದ ನೊಣ ಹೊಟ್ಟೆ ತುಂಬುವ ಮೊದಲೇ ಬಾಲದ ಪೆಟ್ಟು ತಿಂದು ಏಳುತ್ತದೆ, ಪಕ್ಕದ ದನದ ಮೇಲೆ ಕುಳಿತು ಉಳಿದ ಊಟ ಮುಗಿಸುತ್ತದೆ. ಅದರ ಬಾಯಿಯ ಸೂಜಿಯಲ್ಲಿ ಅಂಟಿದ್ದು ಆ ದನದ ಮೈ ಸೇರುತ್ತದೆ. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದ ಹಾಗೆ.

ಸರ್ರಾ ಎಂಬ ಇನ್ನೊಂದು ರೋಗವೂ ಹೀಗೆಯೇ ಹರಡುತ್ತದೆ. ರಕ್ತದಲ್ಲಿ ಈಜಾಡುವ ಒಂದು ಸೂಕ್ಷ್ಮಜೀವಿ ಇದಕ್ಕೆ ಕಾರಣ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನಲ್ಲಿ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಬಿಟ್ಟು ಬಿಟ್ಟು ಬರುವ ಜ್ವರ, ರಕ್ತಹೀನತೆ, ಸೊರಗುವುದು, ಹಾಲು ಇಳಿಯುವುದು ಇದರ ಲಕ್ಷಣಗಳು. ಇದನ್ನು ದಾಟಿಸುವುದರಲ್ಲಿ ದೊಡ್ಡ ಕಚ್ಚುವ ನೊಣದ ಪಾತ್ರ ಮುಖ್ಯ.

ಆದುದರಿಂದ ನೊಣದ ವಿಷಯದಲ್ಲಿ ಎಚ್ಚರ ಬೇಕು. ಆದರೆ ಎಚ್ಚರ ಇರಬೇಕಾದ್ದು ಸರಿಯಾದ ನೊಣದ ಮೇಲೆ.

ಕಚ್ಚುವ ನೊಣಗಳ ಗುರುತು

ನಮ್ಮ ಹಟ್ಟಿಗಳಲ್ಲಿ ನಾಲ್ಕು ಬಗೆಯ ಕಚ್ಚುವ ನೊಣಗಳನ್ನು ಗುರುತಿಸಲು ಕಲಿತರೆ ಸಾಕು.

ಒಂದು, ಹಟ್ಟಿ ನೊಣ. ಗಾತ್ರ, ಬಣ್ಣ ಎಲ್ಲ ಮನೆನೊಣದ ಹಾಗೆಯೇ. ವ್ಯತ್ಯಾಸ ಬಾಯಿಯಲ್ಲಿದೆ. ಮನೆನೊಣದ ಬಾಯಿ ಕೆಳಗೆ ಇಳಿಬಿದ್ದ ಮೆತ್ತಗಿನ ಸ್ಪಂಜು, ಅದು ನೆಕ್ಕುತ್ತದೆ. ಹಟ್ಟಿ ನೊಣದ ಬಾಯಿ ತಲೆಯ ಮುಂದಕ್ಕೆ ಚಾಚಿಕೊಂಡಿರುವ ಗಟ್ಟಿ ಕಪ್ಪು ಸೂಜಿ. ಹೊಟ್ಟೆಯ ಮೇಲೆ ಕಪ್ಪು ಚುಕ್ಕೆಗಳಿರುತ್ತವೆ. ಹೆಚ್ಚಾಗಿ ಕಾಲುಗಳಿಗೆ ಕಚ್ಚುತ್ತದೆ. ಗಂಡು, ಹೆಣ್ಣು ಎರಡೂ ರಕ್ತ ಕುಡಿಯುತ್ತವೆ. ಹಾಲು ಕರೆಯುವಾಗ ಹಸು ಸುಮ್ಮನೆ ಕಾಲು ಕುಟ್ಟುತ್ತಿದ್ದರೆ ‘ಈ ಹಸು ತುಂಟ’ ಎಂದು ಬೈಯುವ ಮೊದಲು ಬಗ್ಗಿ ಕಾಲು ನೋಡಿ.

ಎರಡು, ದೊಡ್ಡ ಕಚ್ಚುವ ನೊಣ. ಕೆಲವು ಕಡೆ ತೊಣಚಿ ಎನ್ನುತ್ತಾರೆ. ದಪ್ಪ ಮೈ, ಅಗಲ ತಲೆ. ತಲೆಯ ಬಹುಭಾಗ ಕಣ್ಣೇ. ಕೆಲವಕ್ಕೆ ಕಣ್ಣಿನಲ್ಲಿ ಹಸಿರು ಹೊಳಪು, ಅಡ್ಡ ಪಟ್ಟೆ ಇರುತ್ತದೆ. ಹೆಣ್ಣು ಮಾತ್ರ ರಕ್ತ ಕುಡಿಯುತ್ತದೆ. ಇದು ಸೂಜಿ ಚುಚ್ಚುವುದಿಲ್ಲ, ಚರ್ಮವನ್ನು ಕತ್ತರಿಸುತ್ತದೆ. ಆದುದರಿಂದಲೇ ಅದು ಎದ್ದು ಹೋದ ಮೇಲೂ ಗಾಯದಿಂದ ರಕ್ತ ಇಳಿಯುತ್ತದೆ, ಅದಕ್ಕೆ ಮನೆನೊಣಗಳು ಮುತ್ತುತ್ತವೆ. ಇದರ ಮರಿಹುಳುಗಳು ಬೆಳೆಯುವುದು ತೋಡಿನ ಬದಿ, ಗದ್ದೆಯ ಕೆಸರು ಮುಂತಾದ ಒದ್ದೆ ಮಣ್ಣಿನಲ್ಲಿ.

ಮೂರು, ಚಪ್ಪಟೆ ನೊಣ. ಬೆರಳಿನಿಂದ ಒತ್ತಿದರೂ ಸಾಯದಷ್ಟು ಗಟ್ಟಿ, ತೊಗಲಿನಂತಹ ಮೈ. ಬಾಲದ ಬುಡ, ತೊಡೆಯ ಸಂದು, ಕೆಚ್ಚಲಿನ ಹಿಂಭಾಗದಲ್ಲಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ.

ನಾಲ್ಕು, ಎಮ್ಮೆ ನೊಣ. ಮನೆನೊಣದ ಅರ್ಧದಷ್ಟು ಚಿಕ್ಕದು. ಗುಂಪಾಗಿ ಬೆನ್ನು, ಹೆಗಲು, ಹೊಟ್ಟೆಯ ಮೇಲೆ ಕುಳಿತಿರುತ್ತದೆ. ಹಗಲೂ ರಾತ್ರಿ ದನದ ಮೈ ಬಿಡುವುದಿಲ್ಲ. ಮೊಟ್ಟೆ ಇಡಲು ಮಾತ್ರ ಆಗ ತಾನೇ ಬಿದ್ದ ಸೆಗಣಿಗೆ ಇಳಿಯುತ್ತದೆ.

ಈ ನಾಲ್ಕರಲ್ಲಿ ಯಾವುದಕ್ಕೂ ಗಡ್ಡವಿಲ್ಲ. ಇದನ್ನು ನೆನಪಿನಲ್ಲಿಡಿ.

ದರೋಡೆ ನೊಣದ ಗುರುತು

ಪ್ರಪಂಚದಲ್ಲಿ ಸುಮಾರು 7,500 ಬಗೆಯ ದರೋಡೆ ನೊಣಗಳನ್ನು ವಿಜ್ಞಾನಿಗಳು ಹೆಸರಿಸಿದ್ದಾರೆ. ನಮ್ಮಂತಹ ಬಿಸಿಲು, ಮಳೆ ಎರಡೂ ಇರುವ ಪ್ರದೇಶ ಅವಕ್ಕೆ ಅನುಕೂಲ. ಕೆಲವು ಸೊಳ್ಳೆಯ ಹಾಗೆ ಸಪೂರ, ಕೆಲವು ಹೆಬ್ಬೆರಳಿನಷ್ಟು ಉದ್ದ. ಒಂದು ಬಗೆಯಂತೂ ಮಾಡಿನ ಪಕ್ಕಾಸು ಕೊರೆಯುವ ದಪ್ಪ ಕಪ್ಪು ದುಂಬಿಯ ವೇಷವನ್ನೇ ಹಾಕಿಕೊಂಡಿರುತ್ತದೆ. ಇಷ್ಟು ಬಗೆಗಳಿದ್ದರೂ ಕುಟುಂಬದ ಗುರುತು ಒಂದೇ. ನಾಲ್ಕು ಅಂಶಗಳನ್ನು ನೋಡಿ.

ಮೊದಲನೆಯದು, ನೆತ್ತಿಯ ತಗ್ಗು. ಎದುರಿನಿಂದ ನೋಡಿದರೆ ಎರಡು ಉಬ್ಬಿದ ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿ, ಕಣಿವೆಯ ಹಾಗೆ ಕಾಣುತ್ತದೆ. ತೊಣಚಿಗೆ ಈ ತಗ್ಗು ಇಲ್ಲ. ಅದರ ತಲೆ ಅರ್ಧ ಕತ್ತರಿಸಿದ ಚೆಂಡಿನ ಹಾಗೆ ನುಣ್ಣಗೆ ಇರುತ್ತದೆ.

ಎರಡನೆಯದು, ಗಡ್ಡ. ಬಾಯಿಯ ಮೇಲ್ಭಾಗದಲ್ಲಿ ಬಿರುಸಾದ ಕೂದಲಿನ ಗೊಂಚಲು. ಬಿಳಿ, ಹಳದಿ ಅಥವಾ ಕಪ್ಪು ಬಣ್ಣದ್ದಿರಬಹುದು. ಹಿಡಿದ ಹುಳು ಒದ್ದಾಡುವಾಗ ಮುಖಕ್ಕೆ ಪೆಟ್ಟಾಗದಂತೆ ಇದು ಕಾಪಾಡುತ್ತದೆ.

ಮೂರನೆಯದು, ಕಾಲು. ಉದ್ದ, ಬಲಿಷ್ಠ, ಮುಳ್ಳುಗಳಿಂದ ಕೂಡಿದ್ದು. ಹಾರುತ್ತಿರುವ ಹುಳುವನ್ನು ಗಾಳಿಯಲ್ಲೇ ಬಾಚಿ ಹಿಡಿಯಲು ಈ ಕಾಲುಗಳು ಬೇಕು.

ನಾಲ್ಕನೆಯದು, ಮೈಯ ಆಕಾರ. ಎದೆ ಉಬ್ಬಿ ಗೂನು ಬೆನ್ನಿನಂತೆ ಇರುತ್ತದೆ, ಹೊಟ್ಟೆ ಬಾಲದ ಕಡೆಗೆ ಚೂಪಾಗುತ್ತಾ ಹೋಗುತ್ತದೆ. ದುಂಬಿಯ ವೇಷದ ದಪ್ಪ ಬಗೆಗಳಿಗೆ ಈ ನಾಲ್ಕನೆಯ ಗುರುತು ಅನ್ವಯಿಸುವುದಿಲ್ಲ. ಆಗ ನೆತ್ತಿ ಮತ್ತು ಗಡ್ಡವನ್ನೇ ನಂಬಬೇಕು.

ಇದರ ಬೇಟೆಯ ಕ್ರಮವನ್ನು ನೋಡುವುದೇ ಚಂದ. ಬಿಸಿಲು ಬೀಳುವ ಜಾಗದಲ್ಲಿ ಒಣ ಕಡ್ಡಿಯ ತುದಿ, ಬಟ್ಟೆ ಒಣಗಿಸುವ ಹಗ್ಗ, ಬೇಲಿ ತಂತಿ, ಮುರಕಲ್ಲು ಇಂತಹ ಕಡೆ ಕುಳಿತು ಕಾಯುತ್ತದೆ. ಹುಳು ಹಾದು ಹೋದ ಕೂಡಲೇ ಬಾಣದಂತೆ ಎರಗಿ ಹಿಡಿದು, ಹೆಚ್ಚಾಗಿ ಅದೇ ಜಾಗಕ್ಕೋ ಹತ್ತಿರದ ಇನ್ನೊಂದು ಕಡ್ಡಿಗೋ ಮರಳುತ್ತದೆ. ಬಾಯಿಯ ಗಟ್ಟಿ ಕೊಳವೆಯನ್ನು ಚುಚ್ಚಿ ತನ್ನ ಜೊಲ್ಲನ್ನು ಒಳಗೆ ಬಿಡುತ್ತದೆ. ಅದರಿಂದ ಹುಳುವಿನ ಮೈ ಮರಗಟ್ಟಿ, ಒಳಗಿನದೆಲ್ಲ ಕರಗಿ ನೀರಾಗುತ್ತದೆ. ಅದನ್ನು ಹೀರಿ ಖಾಲಿ ಸಿಪ್ಪೆಯನ್ನು ಬಿಸಾಡುತ್ತದೆ. ಮನೆನೊಣ, ತೊಣಚಿ, ಮಿಡತೆ, ದುಂಬಿ, ಕಣಜ ಎಲ್ಲವೂ ಇದಕ್ಕೆ ಆಹಾರ. ಇದರ ಮರಿಹುಳುಗಳು ಮಣ್ಣಿನಲ್ಲಿ, ಕೊಳೆತ ಮರದಲ್ಲಿ ಇದ್ದುಕೊಂಡು ದುಂಬಿಗಳ ಮರಿ ಮುಂತಾದ ಬೇರೆ ಹುಳುಗಳನ್ನು ತಿಂದು ಬೆಳೆಯುತ್ತವೆ.

ಹಾಗೆಂದು ನಾನು ಇದನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಇದು ಬಿಸಿಲಿನ ಬೇಟೆಗಾರ, ಕತ್ತಲೆಯ ಹಟ್ಟಿಯೊಳಗೆ ಬಂದು ನಿಮ್ಮ ನೊಣಗಳನ್ನು ಮುಗಿಸಿಕೊಡುವುದಿಲ್ಲ. ಶತ್ರು, ಮಿತ್ರ ಎಂದು ಆರಿಸಿ ತಿನ್ನುವುದೂ ಇಲ್ಲ. ಆದರೆ ನಮ್ಮ ಹಸುವಿಗೆ ತೊಂದರೆ ಕೊಡದೆ, ಕೂಲಿ ಕೇಳದೆ, ದಿನವಿಡೀ ನೊಣ ಹಿಡಿಯುವವನನ್ನು ನಮ್ಮದೇ ದುಡ್ಡು ಖರ್ಚು ಮಾಡಿ ಕೊಲ್ಲುವುದು ಯಾವ ಲೆಕ್ಕಾಚಾರ?

ಮೂರು ಪ್ರಶ್ನೆಗಳು

ನೊಣ ಕಂಡಾಗ, ಅಥವಾ ಯಾರಾದರೂ ಕಳುಹಿಸಿದ ಫೋಟೊ ನೋಡುವಾಗ, ಮೂರು ಪ್ರಶ್ನೆ ಕೇಳಿಕೊಳ್ಳಿ.

ಎಲ್ಲಿ ಕುಳಿತಿದೆ? ದನದ ಮೈಮೇಲೆ ಊರಿ ಕುಳಿತಿದ್ದರೆ ಸಂಶಯಪಡಿ. ಆದರೆ ಕಡ್ಡಿ, ಗೋಡೆಯ ಮೇಲೆ ಕುಳಿತಿದೆ ಎಂಬುದರಿಂದಲೇ ಒಳ್ಳೆಯ ನೊಣ ಎಂದು ತೀರ್ಮಾನಿಸಬೇಡಿ. ಹಟ್ಟಿ ನೊಣವೂ ಹೊಟ್ಟೆ ತುಂಬಿದ ಮೇಲೆ ಗೋಡೆಯ ಮೇಲೆ ವಿಶ್ರಾಂತಿ ಪಡೆಯುತ್ತದೆ.

ತಲೆ ಹೇಗಿದೆ? ನೆತ್ತಿಯಲ್ಲಿ ತಗ್ಗು, ಮುಖದಲ್ಲಿ ಗಡ್ಡ ಎರಡೂ ಇದ್ದರೆ ಅದು ದರೋಡೆ ನೊಣ.

ಕಾಲಿನಲ್ಲಿ ಏನಿದೆ? ಇನ್ನೊಂದು ಹುಳುವನ್ನು ಹಿಡಿದು ಹೀರುತ್ತಿದ್ದರೆ ಅದು ಬೇಟೆಗಾರ. ರಕ್ತ ಕುಡಿಯುವ ನೊಣ ಎಂದೂ ಹುಳು ಹಿಡಿಯುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಒಂದೇ ರೂಪದ ಎರಡು ನೊಣಗಳು ಬಾಲಕ್ಕೆ ಬಾಲ ತಾಗಿಸಿ ಕುಳಿತಿದ್ದರೆ ಅದು ಬೇಟೆಯಲ್ಲ, ಜೋಡಿ.

ಕಣಜದ ಜೊತೆಯಲ್ಲೂ ಗೊಂದಲವಾಗುವುದುಂಟು. ರೆಕ್ಕೆ ಎಣಿಸಿ. ನೊಣಕ್ಕೆ ಎರಡೇ ರೆಕ್ಕೆ, ಕಣಜಕ್ಕೂ ಜೇನಿಗೂ ನಾಲ್ಕು. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವುದಕ್ಕೂ ನಾಲ್ಕು.

ಫೋಟೊ ತೆಗೆಯುವ ಕ್ರಮ

ಬರುವ ಫೋಟೊಗಳಲ್ಲಿ ಹೆಚ್ಚಿನವು ಮಸುಕಾಗಿರುತ್ತವೆ. ಹಸುವಿನ ಪೂರ್ತಿ ಚಿತ್ರ, ಅದರ ಮೇಲೊಂದು ಕಪ್ಪು ಚುಕ್ಕೆ. ‘ಇದು ಯಾವ ನೊಣ ಮಾರಾಯ್ರೆ?’ ಎಂದು ಕೇಳಿದರೆ ಏನು ಹೇಳುವುದು? ಸ್ವಲ್ಪ ಕ್ರಮ ಅನುಸರಿಸಿದರೆ ಉತ್ತರ ಕೊಡುವುದು ಸುಲಭ.

1. ಬೆಳಗ್ಗಿನ ತಂಪು ಹೊತ್ತು ಒಳ್ಳೆಯದು. ಆಗ ನೊಣ ಚುರುಕಾಗಿರುವುದಿಲ್ಲ. ಬೆಳಕು ನಿಮ್ಮ ಬೆನ್ನ ಹಿಂದೆ ಇರಲಿ, ಆದರೆ ನಿಮ್ಮ ನೆರಳು ನೊಣದ ಮೇಲೆ ಬೀಳದಿರಲಿ.

2. ಮೊದಲು ದೂರದಿಂದ ಒಂದು ತೆಗೆಯಿರಿ. ಆಮೇಲೆ ನಿಧಾನವಾಗಿ ಹತ್ತಿರ ಹೋಗಿ. ದರೋಡೆ ನೊಣ ಹಾರಿ ಹೋದರೆ ಅಲ್ಲೇ ಸುಮ್ಮನೆ ನಿಲ್ಲಿ, ಅದು ಮರಳುವ ಸಂಭವ ಹೆಚ್ಚು.

3. ಕನಿಷ್ಠ ಮೂರು ಚಿತ್ರ ಬೇಕು: ಮೇಲಿನಿಂದ, ಬದಿಯಿಂದ, ಎದುರಿನಿಂದ. ಎದುರಿನ ಚಿತ್ರದಲ್ಲಿ ನೆತ್ತಿ ಮತ್ತು ಗಡ್ಡ ಗೊತ್ತಾಗುತ್ತದೆ. ಬದಿಯ ಚಿತ್ರದಲ್ಲಿ ಬಾಯಿ ಗೊತ್ತಾಗುತ್ತದೆ. ಮೇಲಿನ ಚಿತ್ರದಲ್ಲಿ ರೆಕ್ಕೆಯ ನರಗಳು ಗೊತ್ತಾಗುತ್ತವೆ.

4. ಸತ್ತ ನೊಣವಾದರೆ ಬಿಳಿ ಕಾಗದದ ಮೇಲಿಟ್ಟು ಪಕ್ಕದಲ್ಲಿ ಬೆಂಕಿಕಡ್ಡಿ ಅಥವಾ ಒಂದು ರೂಪಾಯಿ ನಾಣ್ಯ ಇಡಿ. ಗಾತ್ರ ತಿಳಿಯದ ಫೋಟೊದಲ್ಲಿ ಎಮ್ಮೆ ನೊಣವೂ ತೊಣಚಿಯಂತೆ ಕಾಣುತ್ತದೆ.

5. ಸ್ಥಳ, ದಿನಾಂಕ, ಹೊತ್ತು, ನೊಣ ಏನು ಮಾಡುತ್ತಿತ್ತು ಎಂಬುದನ್ನು ಜೊತೆಯಲ್ಲಿ ಬರೆಯಿರಿ. ದನದ ಮೈಯಲ್ಲಿದ್ದರೆ ಯಾವ ಭಾಗದಲ್ಲಿ ಎಂದೂ ತಿಳಿಸಿ. ಹಲವು ಸಲ ಚಿತ್ರಕ್ಕಿಂತ ಈ ಎರಡು ಸಾಲೇ ಹೆಚ್ಚು ಹೇಳುತ್ತದೆ.

6. ನೀವೇ ತೆಗೆದ ಫೋಟೊ ಕಳುಹಿಸಿ. ವಾಟ್ಸಾಪಿನಲ್ಲಿ ಯಾರೋ ಯಾರಿಗೋ ಕಳುಹಿಸಿ ಊರೆಲ್ಲ ಸುತ್ತಿ ಬಂದ ಚಿತ್ರ ನಿಮ್ಮ ಹಟ್ಟಿಯದ್ದಲ್ಲ.

ಫೋಟೊ ಹೇಳದ ಸಂಗತಿ

ಫೋಟೊ ಚೆನ್ನಾಗಿದ್ದರೆ ಅದು ದರೋಡೆ ನೊಣದ ಕುಟುಂಬ ಎಂದು ಧೈರ್ಯವಾಗಿ ಹೇಳಬಹುದು. ಕೆಲವು ಸಲ ಯಾವ ಗುಂಪಿನದು ಎಂದೂ ಹೇಳಬಹುದು. ಆದರೆ ಸರಿಯಾಗಿ ಯಾವ ಜಾತಿ ಎಂಬುದನ್ನು ಫೋಟೊದಿಂದ ಹೇಳುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಿಲ್ಲ. ಜಾತಿ ನಿರ್ಧರಿಸಲು ರೆಕ್ಕೆಯ ನರಗಳ ಜೋಡಣೆ, ಕಾಲಿನ ಮುಳ್ಳುಗಳ ಸ್ಥಾನ, ವಿಶೇಷವಾಗಿ ಗಂಡಿನ ಬಾಲದ ತುದಿಯ ಅಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯು 1998ರಲ್ಲಿ ನಮ್ಮ ದೇಶದ ಮತ್ತು ನೆರೆಯ ದೇಶಗಳ ದರೋಡೆ ನೊಣಗಳ ಮೇಲೆ ಜೋಸೆಫ್ ಮತ್ತು ಪರುಯಿ ಅವರ ಗ್ರಂಥವನ್ನು ಪ್ರಕಟಿಸಿತು. ಅಂತಹ ಕೆಲಸ ನಡೆಯುವುದು ಸೂಜಿಗೆ ಚುಚ್ಚಿ ಕಾಪಾಡಿದ ನೊಣಗಳನ್ನು ಒಂದೊಂದಾಗಿ ಪರೀಕ್ಷಿಸಿ.

ಆದುದರಿಂದ ಯಾರಾದರೂ ಮಸುಕಾದ ಒಂದು ಫೋಟೊ ನೋಡಿ ಉದ್ದದ ಶಾಸ್ತ್ರೀಯ ಹೆಸರು ಹೇಳಿದರೆ ನಂಬಬೇಡಿ. ಮೊಬೈಲಿನಲ್ಲಿ ತಾನಾಗಿ ಹೆಸರು ಹೇಳುವ ವ್ಯವಸ್ಥೆಗಳೂ ಬಂದಿವೆ. ಅವು ಸುಳಿವು ಕೊಡಬಹುದು, ತೀರ್ಪು ಕೊಡಲಾರವು. ‘ಇದು ದರೋಡೆ ನೊಣ, ಜಾತಿ ಹೇಳಲಾಗದು’ ಎಂದು ತಿಳಿದವರು ಹೇಳಿದರೆ ಅದು ಪೂರ್ಣ ಉತ್ತರವೇ. ಹೈನುಗಾರನಿಗೆ ಬೇಕಾದದ್ದು ಹಸುವನ್ನು ಕಚ್ಚುತ್ತದೋ ಇಲ್ಲವೋ ಎಂಬುದು. ಅದಕ್ಕೆ ಜಾತಿಯ ಹೆಸರು ಬೇಕಿಲ್ಲ.

ಇನ್ನೂ ಒಂದು ಮಾತು. ಫೋಟೊದಿಂದ ನೊಣ ತಿಳಿಯುತ್ತದೆ, ರೋಗ ತಿಳಿಯುವುದಿಲ್ಲ. ಹಟ್ಟಿ ನೊಣ ಇದೆ ಎಂದ ಮಾತ್ರಕ್ಕೆ ಚರ್ಮಗಂಟು ರೋಗ ಬಂದಿದೆ ಎಂದಲ್ಲ. ದನಕ್ಕೆ ಜ್ವರ, ಮೈಯಲ್ಲಿ ಗಂಟು ಕಂಡರೆ ನೊಣದ ಫೋಟೊ ತೆಗೆಯುತ್ತಾ ಕುಳಿತುಕೊಳ್ಳದೆ ಕೂಡಲೇ ಪಶುವೈದ್ಯರನ್ನು ಕರೆಸಿ.

ಔಷಧಿ ಹೊಡೆಯುವ ಮುನ್ನ

ನೊಣ ಎಂದ ಕೂಡಲೇ ಪಂಪು ಹೆಗಲಿಗೇರಿಸುವವರಿದ್ದಾರೆ. ತೋಟಕ್ಕೆಂದು ತಂದ ಕೀಟನಾಶಕವನ್ನೇ ಹಟ್ಟಿಗೂ ಹಸುವಿಗೂ ಹೊಡೆಯುವವರಿದ್ದಾರೆ. ಇದು ಖಂಡಿತ ಸಲ್ಲದು. ಹಸು ಮೈ ನೆಕ್ಕುತ್ತದೆ. ವಿಷ ಹೊಟ್ಟೆಗೆ ಹೋಗುತ್ತದೆ, ಹಾಲಿಗೂ ಬರಬಹುದು. ನೀವು ಸಂಘಕ್ಕೆ ಹಾಕುವ ಹಾಲು ನಿಮ್ಮ ನೆರೆಮನೆಯ ಹಾಲಿನ ಜೊತೆ ಒಂದೇ ಕ್ಯಾನಿಗೆ ಬೀಳುತ್ತದೆ. ಇಲ್ಲೇ ಪಕ್ಕದ ಕುಲಶೇಖರದ ಡೇರಿಗೆ ಹಲವು ಊರುಗಳ ಹಾಲು ಬರುತ್ತದೆ, ಅಲ್ಲಿಂದ ಎಷ್ಟೋ ಮಕ್ಕಳ ಲೋಟಕ್ಕೆ ಹೋಗುತ್ತದೆ. ಒಬ್ಬರ ಹಟ್ಟಿಯ ಅಜಾಗರೂಕತೆ ಒಬ್ಬರಲ್ಲೇ ನಿಲ್ಲುವುದಿಲ್ಲ.

ದನದ ಮೈಗೆ ಹಚ್ಚಲು ಪಶುಗಳಿಗೆಂದೇ ತಯಾರಿಸಿದ ಔಷಧಿಗಳಿವೆ. ಅವನ್ನು ಪಶುವೈದ್ಯರ ಸಲಹೆಯಂತೆ, ಹೇಳಿದ ಪ್ರಮಾಣದಲ್ಲಿ, ಹೇಳಿದ ಅಂತರದಲ್ಲಿ ಬಳಸಬೇಕು. ಬಳಸಿದ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಎಂಬುದನ್ನು ಕೇಳಿ ತಿಳಿದು ಪಾಲಿಸಬೇಕು. ಮೇವು, ನೀರಿನ ತೊಟ್ಟಿ, ಹಾಲಿನ ಪಾತ್ರೆಗಳ ಮೇಲೆ ಹನಿಯೂ ಬೀಳಬಾರದು.

ಬೇಲಿ, ಪೊದೆ, ತೋಟದ ಬದಿಗೆಲ್ಲ ಔಷಧಿ ಹೊಡೆದರೆ ಏನಾಗುತ್ತದೆ? ದರೋಡೆ ನೊಣ, ಜೇಡ, ಏರೋಪ್ಲೇನ್ ಚಿಟ್ಟೆ ಎಲ್ಲ ಸಾಯುತ್ತವೆ. ಆದರೆ ಹಟ್ಟಿ ನೊಣ ಹುಟ್ಟುವುದು ಪೊದೆಯಲ್ಲಲ್ಲ, ಹಟ್ಟಿಯ ಕೊಳೆತ ಹಾಸಿನಲ್ಲಿ. ಮುಂದಿನ ವಾರ ಅದು ಮತ್ತೆ ಎದ್ದು ಬರುತ್ತದೆ, ಆಗ ಅದನ್ನು ಹಿಡಿಯುವವರೇ ಇರುವುದಿಲ್ಲ. ಪದೇ ಪದೇ ಒಂದೇ ಔಷಧಿ ಹೊಡೆದರೆ ಅದನ್ನು ತಾಳಿಕೊಳ್ಳುವ ನೊಣಗಳೇ ಉಳಿದು ಹೆಚ್ಚುತ್ತವೆ.

ಹಟ್ಟಿಯಲ್ಲಿ ಮಾಡಬೇಕಾದ್ದು

ನಮ್ಮ ಕರಾವಳಿಯ ಹಟ್ಟಿಗಳಿಗೆ ಒಂದು ವಿಶೇಷವಿದೆ. ನಾವು ಕಾಲಿನಡಿಗೆ ಸೊಪ್ಪು, ತರಗೆಲೆ ಹಾಕುತ್ತೇವೆ. ಅದೇ ಮುಂದೆ ತೆಂಗು, ಅಡಿಕೆಗೆ ಒಳ್ಳೆಯ ಗೊಬ್ಬರ. ಈ ಪದ್ಧತಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಗಂಜಲ, ಸೆಗಣಿ ಬೆರೆತು ಬೆಚ್ಚಗೆ ಕೊಳೆಯುವ ಸೊಪ್ಪು ಮತ್ತು ಬೈಹುಲ್ಲು ಹಟ್ಟಿ ನೊಣಕ್ಕೆ ಹೆರಿಗೆಮನೆ. ನಮ್ಮ ಸೆಖೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಎರಡು ಮೂರು ವಾರ ಸಾಕು. ಹಾಸನ್ನು ತಿಂಗಳುಗಟ್ಟಲೆ ತೆಗೆಯದಿದ್ದರೆ ನಾವೇ ನೊಣ ಸಾಕಿದ ಹಾಗೆ. ವಾರಕ್ಕೊಮ್ಮೆಯಾದರೂ ಪೂರ್ತಿ ತೆಗೆದು ಹಾಕಿದರೆ ಮರಿಹುಳು ನೊಣವಾಗುವ ಮೊದಲೇ ಹಟ್ಟಿಯಿಂದ ಹೊರಗೆ ಹೋಗುತ್ತದೆ.

ತೆಗೆದ ಗೊಬ್ಬರವನ್ನು ಹಟ್ಟಿಯಿಂದ ದೂರ ಒತ್ತಾಗಿ ರಾಶಿ ಮಾಡಿ ಟರ್ಪಾಲು ಮುಚ್ಚಿ. ರಾಶಿಯ ಒಳಗಿನ ಬಿಸಿಗೆ ಮರಿಹುಳುಗಳು ಸಾಯುತ್ತವೆ. ಅಂಚು ತಂಪಾಗಿರುವುದರಿಂದ ಆಗಾಗ ಮಗುಚಿ ಅಂಚನ್ನು ಒಳಕ್ಕೆ ಹಾಕಬೇಕು. ಗೋಬರ್ ಗ್ಯಾಸ್ ಇರುವವರು ಸೆಗಣಿಯನ್ನು ದಿನವೂ ಗುಂಡಿಗೆ ಹಾಕಿ. ಗಂಜಲ ನಿಲ್ಲದಂತೆ ನೆಲಕ್ಕೆ ಇಳಿಜಾರು, ಚರಂಡಿ ಮಾಡಿ. ಮೇವಿನ ಗೋದಲಿಯಡಿಯಲ್ಲಿ ಬಿದ್ದು ಹುಳಿಯುವ ಹಿಂಡಿ, ಬೈಹುಲ್ಲನ್ನು ಗುಡಿಸಿ.

ಶಕ್ತಿನಗರದಂತಹ ಪೇಟೆಯ ಸದಸ್ಯರಿಗೆ ಇದು ಇನ್ನೂ ಮುಖ್ಯ. ಇಲ್ಲಿ ಹಟ್ಟಿಯ ಪಕ್ಕದಲ್ಲೇ ನೆರೆಮನೆಯ ಕಿಟಕಿ. ನೊಣ ಹೆಚ್ಚಾದರೆ ದೂರು ಬರುತ್ತದೆ, ಕೊನೆಗೆ ದನವನ್ನೇ ಮಾರಬೇಕಾದ ಪರಿಸ್ಥಿತಿ ಬರಬಹುದು. ಪೇಟೆಯಲ್ಲಿ ದನ ಉಳಿಯಬೇಕಾದರೆ ಹಟ್ಟಿ ಚೊಕ್ಕವಾಗಿರಬೇಕು.

ನೊಣ ಕಣ್ಣಿನಿಂದ ನೋಡಿ ದನವನ್ನು ಹುಡುಕುತ್ತದೆ ಎಂಬುದಕ್ಕೆ ಒಂದು ಸ್ವಾರಸ್ಯದ ಉದಾಹರಣೆ ಹೇಳುತ್ತೇನೆ. ಜಪಾನಿನ ಸಂಶೋಧಕರು ಆರು ಕಪ್ಪು ಹಸುಗಳ ಮೈಗೆ ಜೀಬ್ರಾದಂತೆ ಬಿಳಿ ಪಟ್ಟೆ ಬಳಿದು ನೋಡಿದರು. ಮೈಮೇಲೆ ಕೂರುವ ಕಚ್ಚುವ ನೊಣಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ನಾಳೆಯೇ ಸುಣ್ಣದ ಬ್ರಶ್ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ವಿಷವಿಲ್ಲದೆಯೂ ನೊಣವನ್ನು ದೂರ ಇಡುವ ದಾರಿಗಳಿವೆ ಎಂದು ತೋರಿಸಲು ಹೇಳಿದೆ. ಹಟ್ಟಿಗೆ ಬಲೆ ಕಟ್ಟುವುದು, ಫ್ಯಾನು ಹಾಕುವುದು ಇವೂ ಅಂತಹವೇ. ಚರ್ಮಗಂಟು ರೋಗಕ್ಕಂತೂ ಲಸಿಕೆಯೇ ಮುಖ್ಯ ರಕ್ಷಣೆ. ಲಸಿಕೆಯ ದಿನ ದನವನ್ನು ಮನೆಯಲ್ಲಿ ಕಟ್ಟಿಹಾಕಿ ಸಹಕರಿಸಿ.

ಸದಸ್ಯರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ದರೋಡೆ ನೊಣವನ್ನು ಹಿಡಿದು ತಂದು ಹಟ್ಟಿಯಲ್ಲಿ ಬಿಡಬಹುದೇ?

ಉತ್ತರ: ಪ್ರಯೋಜನವಿಲ್ಲ. ಅದು ಬಿಸಿಲಿಗೆ ಹಾರಿ ಹೋಗುತ್ತದೆ. ಅದು ಇರುವಲ್ಲಿ ಅದನ್ನು ಇರಗೊಡುವುದೇ ನಾವು ಮಾಡಬಹುದಾದ ಉಪಕಾರ.

ಪ್ರಶ್ನೆ: ಮಕ್ಕಳಿಗೆ ಕಚ್ಚುತ್ತದೆಯೇ?

ಉತ್ತರ: ತಾನಾಗಿ ಬಂದು ಕಚ್ಚುವುದಿಲ್ಲ. ಕೈಯಲ್ಲಿ ಹಿಡಿದು ಒತ್ತಿದರೆ ಕಚ್ಚಬಹುದು, ಚೆನ್ನಾಗಿಯೇ ನೋಯುತ್ತದೆ. ಹಿಡಿಯಬಾರದೆಂದು ಮಕ್ಕಳಿಗೆ ಹೇಳಿ, ನೋಡಬಾರದೆಂದು ಹೇಳಬೇಡಿ.

ಪ್ರಶ್ನೆ: ನಮ್ಮಲ್ಲಿ ಜೇನು ಪೆಟ್ಟಿಗೆ ಇದೆ. ಅದು ಜೇನುನೊಣವನ್ನು ತಿನ್ನುವುದಿಲ್ಲವೇ?

ಉತ್ತರ: ತಿನ್ನುತ್ತದೆ. ಪೆಟ್ಟಿಗೆಯ ಎದುರೇ ಕುಳಿತು ಹಿಡಿಯುತ್ತಿದ್ದರೆ ಬಲೆಯಲ್ಲಿ ಹಿಡಿದು ದೂರ ಬಿಡಿ. ಅದಕ್ಕಾಗಿ ಔಷಧಿ ಹೊಡೆದರೆ ಮೊದಲು ಸಾಯುವುದು ನಿಮ್ಮ ಜೇನೇ.

ಪ್ರಶ್ನೆ: ಸಂಜೆ ಹಟ್ಟಿಗೆ ಹೊಗೆ ಹಾಕುವುದು ಸರಿಯೇ?

ಉತ್ತರ: ಹಿರಿಯರು ಮಾಡಿಕೊಂಡು ಬಂದದ್ದು. ಹೊಗೆ ಇರುವಷ್ಟು ಹೊತ್ತು ಸೊಳ್ಳೆ, ನುಸಿ ದೂರ ಇರುತ್ತವೆ. ಆದರೆ ಮುಚ್ಚಿದ ಹಟ್ಟಿಯಲ್ಲಿ ದಟ್ಟ ಹೊಗೆ ಕರುಗಳ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗಾಳಿಯಾಡುವಂತೆ, ಹಿತಮಿತವಾಗಿ ಹಾಕಿ. ಪ್ಲಾಸ್ಟಿಕ್, ಟಯರು ಸುಡಬೇಡಿ.

ಬಂಧುಗಳೇ, ತಾವು ನಾಳೆ ಬೆಳಗ್ಗೆ ಮಾಡಬಹುದಾದ ಕೆಲಸ ಎರಡು. ಹಾಲು ಕರೆಯುವ ಮೊದಲು ಹಸುವಿನ ಕಾಲು, ಬಾಲದ ಬುಡ, ಬೆನ್ನು ಈ ಮೂರು ಕಡೆ ಯಾವ ನೊಣ ಕುಳಿತಿದೆ ಎಂದು ನೋಡಿ. ಸಂಘಕ್ಕೆ ಹಾಲು ಹಾಕಿ ಮರಳುವಾಗ ಬೇಲಿಯ ತಂತಿಯ ಮೇಲೆ ಗಡ್ಡದ ನೊಣ ಕಂಡರೆ ಅದರ ಪಾಡಿಗೆ ಬಿಡಿ, ಬೇಕಾದರೆ ಒಂದು ಫೋಟೊ ತೆಗೆದು ಸಂಘದ ಕಾರ್ಯದರ್ಶಿಗಳ ಮೂಲಕ ಕಳುಹಿಸಿ. ಹಸುವಿನ ಮೈಮೇಲಿನ ನೊಣದ ಫೋಟೊವನ್ನಂತೂ ತಪ್ಪದೆ ಕಳುಹಿಸಿ. ಊರಿನಲ್ಲಿ ಯಾವ ಕಚ್ಚುವ ನೊಣ ಯಾವ ತಿಂಗಳಲ್ಲಿ ಹೆಚ್ಚುತ್ತದೆ ಎಂಬ ಲೆಕ್ಕ ನಮ್ಮ ಕೈಯಲ್ಲಿದ್ದರೆ ರೋಗ ಬರುವ ಮೊದಲೇ ಎಚ್ಚರಿಸಲು ಸಾಧ್ಯ.